ಒಕ್ಕಲಿನಿಂದ ತಲೆ ಲೆಕ್ಕಕ್ಕೆ: ಧಾತು–ಈಶ್ವರ ಬರ ಮತ್ತು ‘ಜನಸಂಖ್ಯೆ’ ಎಂಬ ಅಧಿಕಾರ

ಹಳ್ಳಿಯ ಹಿರಿಯರನ್ನು ‘ನಿಮ್ಮೂರು ಎಷ್ಟು ದೊಡ್ಡದು?’ ಎಂದು ಕೇಳಿ ನೋಡಿ. ಜನಸಂಖ್ಯೆಯನ್ನು ಯಾರೂ ಹೇಳುವುದಿಲ್ಲ. ‘ಇನ್ನೂರು ಒಕ್ಕಲಿನ ಊರು’, ‘ಮುನ್ನೂರು ಮನೆ ಐತೆ’ ಎನ್ನುತ್ತಾರೆ. ಜನಸಂಖ್ಯೆ ಬೇಕಾದರೆ ಪಂಚಾಯಿತಿ ಕಚೇರಿಗೆ ಹೋಗಬೇಕು. ಅಲ್ಲಿ ಸಿಗುವುದು 2011ರ ಲೆಕ್ಕ.

ಒಂದೇ ಊರನ್ನು ಹೇಳುವ ಎರಡು ರೀತಿಗಳು ಇವು. ಒಕ್ಕಲು ಎಂದಾಗ ಹೊಲ, ಮನೆ, ಯಜಮಾನ, ಕಂದಾಯ, ಜಾತಿ, ಊರಹಬ್ಬದಲ್ಲಿ ಆ ಮನೆಗಿರುವ ಪಾಲು ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಬರುತ್ತವೆ. ಜನಸಂಖ್ಯೆ ಎಂದಾಗ ಉಳಿಯುವುದು ತಲೆಗಳ ಮೊತ್ತ. ಯಾರ ತಲೆ, ಯಾವ ಮನೆಯ ತಲೆ ಎಂಬುದು ಆ ಮೊತ್ತದಲ್ಲಿ ಕಾಣುವುದಿಲ್ಲ. ಹುಟ್ಟಿದವರು ಇಷ್ಟು, ಸತ್ತವರು ಇಷ್ಟು, ಊಟ ಬೇಕಾದವರು ಇಷ್ಟು, ಮತ ಹಾಕುವವರು ಇಷ್ಟು.

ಒಕ್ಕಲು ಎಣಿಸುತ್ತಿದ್ದ ಸರ್ಕಾರ ತಲೆ ಎಣಿಸುವ ಸರ್ಕಾರವಾದದ್ದು ಯಾವಾಗ? ಆ ಬದಲಾವಣೆಯಿಂದ ಆಳುವವರಿಗೆ ಏನು ಸಿಕ್ಕಿತು, ಆಳಿಸಿಕೊಂಡವರಿಗೆ ಏನಾಯಿತು? ರಾಜಕೀಯ ಚಿಂತಕರು ಈ ಪ್ರಶ್ನೆಯ ಮೇಲೆ ದೊಡ್ಡ ಪುಸ್ತಕಗಳನ್ನೇ ಬರೆದಿದ್ದಾರೆ. ಆದರೆ ಉತ್ತರದ ಒಂದು ಭಾಗ ನಮ್ಮದೇ ಬಯಲುಸೀಮೆಯ ನೆಲದಲ್ಲಿದೆ. 1876ರಿಂದ 1878ರವರೆಗೆ ಹಳೆ ಮೈಸೂರನ್ನು ಸುಟ್ಟ ಬರದ ಕತೆಯಲ್ಲಿ ಅದು ಸಿಗುತ್ತದೆ. ಸಂವತ್ಸರದ ಲೆಕ್ಕದಲ್ಲಿ ಅದು ಧಾತು ಮತ್ತು ಈಶ್ವರ ವರ್ಷಗಳ ಬರ.

ಎಣಿಕೆ ಹಳೆಯದು, ಜನಸಂಖ್ಯೆ ಹೊಸದು

ರಾಜರು ಜನರನ್ನು ಎಣಿಸಿದ್ದು ಇತ್ತೀಚೆಗೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಗೋಪ’ ಎಂಬ ಅಧಿಕಾರಿ ಬರುತ್ತಾನೆ. ಐದೋ ಹತ್ತೋ ಹಳ್ಳಿಗಳ ಮನೆ, ಜನ, ದನಕರುಗಳ ಲೆಕ್ಕವಿಡುವುದು ಅವನ ಕೆಲಸ. ನಮ್ಮ ಶಾನುಭೋಗರೂ ಮನೆಗಳ ಲೆಕ್ಕ ಇಡುತ್ತಿದ್ದರು. ಅದಕ್ಕೆ ಖಾನೇಷುಮಾರಿ ಎಂಬ ಹೆಸರಿತ್ತು. ‘ಖಾನೆ’ ಎಂದರೆ ಮನೆ, ‘ಷುಮಾರಿ’ ಎಂದರೆ ಎಣಿಕೆ. ಇಂಥ ಲೆಕ್ಕದ ಉದ್ದೇಶ ನೇರವಾಗಿತ್ತು: ಯಾರಿಂದ ಎಷ್ಟು ಕಂದಾಯ ಬರಬೇಕು, ಯಾರಿಂದ ಎಷ್ಟು ದುಡಿಮೆ ತೆಗೆಯಬಹುದು, ಯುದ್ಧಕ್ಕೆ ಎಷ್ಟು ಆಳು ಸಿಕ್ಕಾರು. ಅಂದರೆ ರಾಜನಿಗೆ ಬೇಕಿದ್ದದ್ದು ಜನರ ಬಳಿ ಇರುವುದು. ಜನ ಎಷ್ಟು ವರ್ಷ ಬದುಕುತ್ತಾರೆ, ಯಾವ ವಯಸ್ಸಿನಲ್ಲಿ ಸಾಯುತ್ತಾರೆ ಎಂಬುದು ಆ ಲೆಕ್ಕದ ವಿಷಯ ಆಗಿರಲಿಲ್ಲ.

ಆ ಪ್ರಶ್ನೆ ಹುಟ್ಟಿದ್ದು 17ನೇ ಶತಮಾನದ ಯುರೋಪಿನಲ್ಲಿ. ಲಂಡನ್ನಿನಲ್ಲಿ ಪ್ಲೇಗಿನ ಕಾಲದಿಂದ ವಾರವಾರ ಸತ್ತವರ ಪಟ್ಟಿ ಪ್ರಕಟವಾಗುತ್ತಿತ್ತು. ಜಾನ್ ಗ್ರಾಂಟ್ ಎಂಬ ವ್ಯಾಪಾರಿ ಆ ಹಳೆಯ ಪಟ್ಟಿಗಳನ್ನೆಲ್ಲ ಕೂಡಿಸಿ, ತಾಳೆ ನೋಡಿ 1662ರಲ್ಲಿ ಒಂದು ಪುಸ್ತಕ ಬರೆದ. ಒಬ್ಬೊಬ್ಬರ ಸಾವೂ ಆಕಸ್ಮಿಕ. ಆದರೆ ಸಾವಿರಾರು ಸಾವುಗಳನ್ನು ಒಟ್ಟಿಗೆ ಇಟ್ಟರೆ ಅದರಲ್ಲಿ ಒಂದು ಕ್ರಮ ಕಾಣುತ್ತದೆ ಎಂಬುದನ್ನು ಅವನು ತೋರಿಸಿದ. ಹೆಣ್ಣಿಗಿಂತ ಗಂಡುಮಕ್ಕಳು ಸ್ವಲ್ಪ ಹೆಚ್ಚು ಹುಟ್ಟುತ್ತಾರೆ. ಪಟ್ಟಣದಲ್ಲಿ ಹುಟ್ಟಿಗಿಂತ ಸಾವು ಹೆಚ್ಚು. ಹಳ್ಳಿಯಿಂದ ಬಂದವರೇ ಪಟ್ಟಣವನ್ನು ತುಂಬುತ್ತಾರೆ. ಅವನ ಗೆಳೆಯ ವಿಲಿಯಂ ಪೆಟ್ಟಿ ಇಂಥ ಲೆಕ್ಕಕ್ಕೆ ‘ರಾಜಕೀಯ ಅಂಕಗಣಿತ’ ಎಂದು ಹೆಸರಿಟ್ಟ.

ಇದಾದ ಮೇಲೆ ಚಿಂತಕರ ಮಾತಿನ ಧಾಟಿಯೇ ಬದಲಾಯಿತು. ರೂಸೋ 1762ರ ತನ್ನ ‘ಸಾಮಾಜಿಕ ಒಪ್ಪಂದ’ದಲ್ಲಿ ಒಳ್ಳೆಯ ಸರ್ಕಾರದ ಗುರುತು ಯಾವುದು ಎಂಬ ಪ್ರಶ್ನೆ ಎತ್ತಿದ. ಹೊರಗಿನ ಸಹಾಯವಿಲ್ಲದೆ ಯಾವ ಆಳ್ವಿಕೆಯಲ್ಲಿ ಜನ ಹೆಚ್ಚುತ್ತಾರೋ ಅದೇ ಒಳ್ಳೆಯದು ಎಂಬುದು ಅವನ ಉತ್ತರ. ಜನ ಹೆಚ್ಚಾದರೆ ರಾಜ್ಯಕ್ಕೆ ಬಲ ಎಂದು ಆ ಕಾಲದ ಬಹುಪಾಲು ಚಿಂತಕರು ನಂಬಿದ್ದರು. 1798ರಲ್ಲಿ ಥಾಮಸ್ ಮಾಲ್ಥಸ್ ಇದನ್ನು ತಲೆಕೆಳಗು ಮಾಡಿದ. ಆಹಾರ ಬೆಳೆಯುವುದಕ್ಕಿಂತ ಜನ ಬೆಳೆಯುವ ವೇಗ ಹೆಚ್ಚು. ಹಸಿವು, ರೋಗ, ಯುದ್ಧಗಳು ಬಂದು ಆ ಎರಡನ್ನೂ ಸರಿದೂಗಿಸುತ್ತವೆ ಎಂದ. ಇಂಗ್ಲೆಂಡಿನಲ್ಲಿ ಬಡವರಿಗೆ ಕೊಡುತ್ತಿದ್ದ ನೆರವಿನಿಂದ ಬಡವರೇ ಹೆಚ್ಚುತ್ತಾರೆ ಎಂಬ ವಾದವೂ ಇದರ ಜೊತೆಗಿತ್ತು.

ಈ ಮಾಲ್ಥಸ್ ನಮಗೆ ದೂರದವನಲ್ಲ. 1805ರಿಂದ 1834ರಲ್ಲಿ ಸಾಯುವತನಕ ಅವನು ಪಾಠ ಹೇಳಿದ್ದು ಹೇಲಿಬರಿ ಎಂಬಲ್ಲಿ. ಭಾರತವನ್ನು ಆಳಲು ಬರುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳಿಗೆ ತರಬೇತಿ ಕೊಡುತ್ತಿದ್ದ ಕಾಲೇಜು ಅದು. ಸರ್ಕಾರ ಧಾನ್ಯದ ವ್ಯಾಪಾರಕ್ಕೆ ಕೈ ಹಾಕಿದರೆ ಅಭಾವವು ಕ್ಷಾಮವಾಗುತ್ತದೆ ಎಂದು 1776ರಲ್ಲೇ ಬರೆದಿದ್ದ ಆಡಂ ಸ್ಮಿತ್‌ನ ಮಾತೂ ಆ ಅಧಿಕಾರಿಗಳಿಗೆ ಬಾಯಿಪಾಠ. ಈ ಎರಡು ಪಾಠಗಳು ಮುಂದೆ ನಮ್ಮ ಹೊಲಗಳಿಗೂ ಬಂದವು.

ಫೂಕೋ ಕೊಟ್ಟ ಉದಾಹರಣೆಯೂ ಕಾಳಿನದೇ

ಜನಸಂಖ್ಯೆ ಮತ್ತು ಅಧಿಕಾರದ ನಂಟನ್ನು ಬಿಡಿಸಿ ಹೇಳಿದವರಲ್ಲಿ ಫ್ರಾನ್ಸಿನ ಮಿಶೆಲ್ ಫೂಕೋ ಮುಖ್ಯ. ಅವನ ವಾದವನ್ನು ಸರಳವಾಗಿ ಹೀಗೆ ಹೇಳಬಹುದು. ಹಳೆಯ ರಾಜನ ಅಧಿಕಾರ ಕತ್ತಿಯದು. ಅವನು ಕೊಲ್ಲಬಲ್ಲ, ಇಲ್ಲವೇ ಬದುಕಿಕೊಳ್ಳಲಿ ಎಂದು ಬಿಡಬಲ್ಲ. 18ನೇ ಶತಮಾನದಿಂದ ಇದರ ಜೊತೆಗೆ ಇನ್ನೊಂದು ಬಗೆಯ ಅಧಿಕಾರ ಬೆಳೆಯಿತು. ಅದು ಜನರನ್ನು ಬದುಕಿಸುವ ಹೊಣೆ ಹೊರುತ್ತದೆ: ಲಸಿಕೆ, ಚರಂಡಿ, ಜನನ–ಮರಣ ನೋಂದಣಿ, ಆಹಾರದ ಲೆಕ್ಕ. ಆದರೆ ಬದುಕಿಸುವ ಹೊಣೆ ಹೊತ್ತ ಅಧಿಕಾರಕ್ಕೆ ‘ಇವರು ಸತ್ತರೆ ಸಾಯಲಿ’ ಎಂದು ಕೈಬಿಡುವ ಶಕ್ತಿಯೂ ಬರುತ್ತದೆ. ಯಾಕೆಂದರೆ ಅದು ನೋಡುವುದು ಒಟ್ಟು ಮೊತ್ತವನ್ನು.

1978ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಫೂಕೋ ಇದಕ್ಕೆ ತೆಗೆದುಕೊಂಡ ಉದಾಹರಣೆ ಧಾನ್ಯದ ಅಭಾವ. ಫ್ರಾನ್ಸಿನಲ್ಲಿ ಮೊದಲು ಅಭಾವ ಬಂದರೆ ದೊರೆ ಬೆಲೆ ಕಟ್ಟುತ್ತಿದ್ದ, ದಾಸ್ತಾನು ತಡೆಯುತ್ತಿದ್ದ, ಕಾಳು ಹೊರಹೋಗದಂತೆ ನೋಡುತ್ತಿದ್ದ. 1763–64ರಲ್ಲಿ ಅಲ್ಲಿನ ಅರ್ಥಚಿಂತಕರ ಮಾತು ಕೇಳಿ ಧಾನ್ಯದ ವ್ಯಾಪಾರವನ್ನು ಮುಕ್ತವಾಗಿ ಬಿಡಲಾಯಿತು. ಬೆಲೆ ಏರಲಿ, ಏರಿದ ಬೆಲೆಗೆ ಕಾಳು ತಾನಾಗಿ ಹರಿದು ಬರುತ್ತದೆ. ಆಗ ಒಟ್ಟು ಜನಕ್ಕೆ ಕ್ಷಾಮ ತಟ್ಟುವುದಿಲ್ಲ ಎಂಬುದು ತರ್ಕ. ಬೆಲೆ ಇಳಿಯುವ ತನಕ ಕೆಲವರು ಹಸಿಯುತ್ತಾರೆ, ಕೆಲವರು ಸಾಯಲೂಬಹುದು. ಅದು ತರ್ಕದ ಒಳಗೇ ಇರುವ ಖರ್ಚು. ಅಂದರೆ ‘ಜನಸಂಖ್ಯೆ’ ಎಂಬುದು ಉಳಿಸಬೇಕಾದ ವಸ್ತುವಾದಾಗ, ಬಿಡಿ ಬಿಡಿ ‘ಜನ’ ಆ ವಸ್ತುವನ್ನು ಉಳಿಸಲು ತೆರುವ ಬೆಲೆಯಾಗುತ್ತಾರೆ.

ಫೂಕೋ ಭಾರತದ ಬಗ್ಗೆ ಈ ಮಾತು ಹೇಳಲಿಲ್ಲ. ಆದರೆ ಅವನು ಹೇಳಿದ್ದಕ್ಕಿಂತ ಕಠೋರವಾದ ಉದಾಹರಣೆ ಅವನ ಉಪನ್ಯಾಸಕ್ಕೆ ನೂರು ವರ್ಷ ಮೊದಲೇ ಮೈಸೂರು ಮತ್ತು ಮದರಾಸಿನಲ್ಲಿ ನಡೆದುಹೋಗಿತ್ತು.

ಮೊದಲ ಗಣತಿ, ನಂತರ ಬರ

1831ರಿಂದ ಮೈಸೂರನ್ನು ಒಡೆಯರ ಹೆಸರಿನಲ್ಲಿ ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದರು. ಅವರ ಕಾಲದಲ್ಲಿ, 1871ರಲ್ಲಿ, ಮೈಸೂರಿನಲ್ಲಿ ಮೊದಲ ಬಾರಿಗೆ ಕ್ರಮಬದ್ಧ ಜನಗಣತಿ ನಡೆಯಿತು. ಎಣಿಕೆ ಎಂದರೆ ಹೊಸ ತೆರಿಗೆ ಬರುತ್ತದೆ ಎಂಬ ಗುಮಾನಿ ಆ ಗಣತಿಯ ಕಾಲದಲ್ಲಿ ದೇಶದ ಹಲವೆಡೆ ಹಬ್ಬಿತ್ತು. ಹಳೆಯ ಅನುಭವದ ಮೇಲೆ ಹುಟ್ಟಿದ ಗುಮಾನಿ ಅದು, ತಪ್ಪು ಅನ್ನಲಾಗದು. ಮೈಸೂರಿನಲ್ಲಿ ಸಿಕ್ಕ ಲೆಕ್ಕ ಸುಮಾರು 50 ಲಕ್ಷ 55 ಸಾವಿರ ಜನ.

ನಾಲ್ಕೇ ವರ್ಷದಲ್ಲಿ ಮಳೆ ಕೈಕೊಡಲು ಶುರುವಾಯಿತು. 1875ರಲ್ಲಿ ಅರೆಬರೆ ಬೆಳೆ. 1876ರಲ್ಲಿ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. 1877ರ ಮುಂಗಾರು ಕೂಡ ಹೊತ್ತಿಗೆ ಬರಲಿಲ್ಲ. ರಾಗಿ ಹಗೇವಿನಲ್ಲಿ ವರ್ಷಗಟ್ಟಲೆ ಉಳಿಯುವ ಕಾಳು. ಒಂದು ವರ್ಷದ ಬರವನ್ನು ನಮ್ಮ ರೈತ ಹಗೇವು ತೆಗೆದು ದಾಟುತ್ತಿದ್ದ. ಸತತ ಮೂರನೇ ವರ್ಷಕ್ಕೆ ಯಾವ ಹಗೇವೂ ಸಾಲುವುದಿಲ್ಲ. ಹಗೇವೇ ಇಲ್ಲದ ಕೂಲಿಯವರು, ನೇಕಾರರು, ಊರಾಚೆಯ ಕೇರಿಯವರು ಮೊದಲ ವರ್ಷವೇ ನೆಲಕಚ್ಚಿದ್ದರು. ಮಲೆನಾಡಿಗೆ ಪೆಟ್ಟು ಕಡಿಮೆ. ಕೋಲಾರ, ತುಮಕೂರು, ಚಿತ್ರದುರ್ಗದ ಬಯಲಿಗೆ ಪೆಟ್ಟು ಹೆಚ್ಚು.

ಅದೇ ಹೊತ್ತಿಗೆ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಬರ ಪರಿಹಾರದ ಖರ್ಚು ಕೈಮೀರದಂತೆ ನೋಡಿಕೊಳ್ಳಲು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳಿಸಿದ. ಟೆಂಪಲ್ ಓದಿದ್ದು ಹೇಲಿಬರಿಯಲ್ಲಿ. ಆ ಹೊತ್ತಿಗೆ ಮಾಲ್ಥಸ್ ತೀರಿಕೊಂಡಿದ್ದ, ಅವನ ಪಾಠ ಉಳಿದಿತ್ತು.

ಟೆಂಪಲ್‌ನ ಹಿಂದಿನ ಕತೆ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಲಕ್ಷಾಂತರ ಟನ್ ಅಕ್ಕಿ ತರಿಸಿ ಹಂಚಿದ್ದ. ಹಸಿವಿನಿಂದ ಸತ್ತವರು ತೀರಾ ಕಡಿಮೆ. ಬೇರೆ ಎಲ್ಲಾದರೂ ಆಗಿದ್ದರೆ ಅವನಿಗೆ ಹಾರ ಹಾಕುತ್ತಿದ್ದರು. ಆದರೆ ಸರ್ಕಾರದ ಹಣ ಪೋಲು ಮಾಡಿದ ಎಂದು ಅವನ ಮೇಲೆ ಟೀಕೆ ಸುರಿಯಿತು. ಮೂರು ವರ್ಷದ ನಂತರ ದಕ್ಷಿಣಕ್ಕೆ ಬಂದ ಟೆಂಪಲ್ ಆ ಟೀಕೆಯನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದ.

ಒಂದು ಪೌಂಡ್ ಕಾಳಿನ ಜಗಳ

ಬರ ಕಾಮಗಾರಿಗೆ ಬಂದ ವಯಸ್ಕ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಆಗುವಷ್ಟು ಕೂಲಿ ಮತ್ತು ಮೇಲೊಂದಿಷ್ಟು ಪುಡಿಗಾಸು ಸಾಕು ಎಂದು ಟೆಂಪಲ್ 1877ರ ಜನವರಿಯಲ್ಲಿ ಮದರಾಸಿನಲ್ಲಿ ನಿಯಮ ತಂದ. ಮಣ್ಣು ಹೊರುವುದು, ಜಲ್ಲಿ ಒಡೆಯುವುದು ಆ ಕಾಮಗಾರಿ. ಜನ ‘ನಿಜವಾಗಿ’ ಹಸಿದಿದ್ದಾರೆಯೇ ಎಂದು ತಿಳಿಯಲು ಪರೀಕ್ಷೆಗಳಿದ್ದವು: ಕೆಲಸ ಕಷ್ಟದ್ದಿರಬೇಕು, ಕೂಲಿ ಕಡಿಮೆ ಇರಬೇಕು, ಜಾಗ ಮನೆಯಿಂದ ದೂರ ಇರಬೇಕು. ಇಷ್ಟಿದ್ದೂ ಬಂದವನು ಮಾತ್ರ ನಿಜವಾದ ಹಸಿದವನು. ಮೈಯಲ್ಲಿ ಕಸುವಿದ್ದವರು ಕಾಮಗಾರಿಗೆ, ಇಲ್ಲದವರು ಗಂಜಿ ಮನೆಗೆ.

ಇದನ್ನು ಎದುರಿಸಿ ನಿಂತವನು ಮದರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್. ದಿನವಿಡೀ ಮಣ್ಣು ಹೊರುವ ದೇಹ ಒಂದು ಪೌಂಡ್ ಕಾಳಿನಲ್ಲಿ ಉಳಿಯುವುದಿಲ್ಲ, ಮೆಲ್ಲಗೆ ಕರಗಿ ಸಾಯುತ್ತದೆ ಎಂದು ಅವನು ವಾದಿಸಿದ. ದುಡಿಮೆಯ ಶಿಕ್ಷೆಯಲ್ಲಿದ್ದ ಜೈಲು ಕೈದಿಗೂ ಸರ್ಕಾರ ಇದಕ್ಕಿಂತ ಹೆಚ್ಚು ಊಟ ಕೊಡುತ್ತಿತ್ತು. ಕಾಳಿನ ಜೊತೆ ಬೇಳೆ, ತರಕಾರಿ ಸೇರಿಸಬೇಕು, ಪ್ರಮಾಣ ಹೆಚ್ಚಿಸಬೇಕು ಎಂಬುದು ಅವನ ಪಟ್ಟು. ತಿಂಗಳುಗಟ್ಟಲೆ ಇಬ್ಬರ ನಡುವೆ ಪತ್ರಗಳ ಯುದ್ಧ ನಡೆಯಿತು. ಕಾಮಗಾರಿಗಳಲ್ಲಿ ಜನ ಸಾಯುತ್ತಿದ್ದರು. 1877ರ ಮೇ ತಿಂಗಳಲ್ಲಿ ಮದರಾಸು ಸರ್ಕಾರ ಕೊನೆಗೂ ಕೂಲಿಯನ್ನು ಒಂದಿಷ್ಟು ಏರಿಸಿತು.

ಈ ಕಾರ್ನಿಷ್ ಯಾರು ಗೊತ್ತೇ? 1871ರಲ್ಲಿ ಮದರಾಸು ಪ್ರಾಂತ್ಯದ ಜನಗಣತಿಯ ವರದಿ ಬರೆದವನು ಇದೇ ಮನುಷ್ಯ. ಜನರನ್ನು ತಲೆಯಾಗಿ ಎಣಿಸುವ ವಿದ್ಯೆ ಟೆಂಪಲ್‌ನಂತೆ ಅವನಿಗೂ ಗೊತ್ತಿತ್ತು, ಬಹುಶಃ ಹೆಚ್ಚೇ ಗೊತ್ತಿತ್ತು. ಇಬ್ಬರೂ ಮಾತಾಡಿದ್ದು ಒಂದೇ ಭಾಷೆಯಲ್ಲಿ: ತಲೆಗೆ ಎಷ್ಟು ಔನ್ಸ್, ಎಷ್ಟು ತಲೆ, ಎಷ್ಟು ಸಾವು. ಟೆಂಪಲ್ ಆ ಲೆಕ್ಕವನ್ನು ಮೇಲಿನಿಂದ ಕೆಳಗೆ ಮಾಡಿದ. ಖಜಾನೆಯಿಂದ ಶುರುಮಾಡಿ ದೇಹಕ್ಕೆ ಬಂದ. ಕಾರ್ನಿಷ್ ದೇಹದಿಂದ ಶುರುಮಾಡಿ ಖಜಾನೆಗೆ ಬಂದ. ಜನಸಂಖ್ಯೆಯ ಲೆಕ್ಕವೇ ಕ್ರೂರ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಎಂಬುದರ ಮೇಲೆ ಅದರ ಗುಣ ನಿಂತಿದೆ ಎಂಬುದನ್ನು ಈ ಜಗಳ ತೋರಿಸುತ್ತದೆ.

ಧಾನ್ಯದ ವ್ಯಾಪಾರಕ್ಕೆ ಮಾತ್ರ ಸರ್ಕಾರ ಕೈ ಹಾಕಲಿಲ್ಲ. ರೈಲಿನಲ್ಲಿ ಕಾಳು ಬಂತು, ಆದರೆ ಕೊಳ್ಳುವವರ ಕೈಯಲ್ಲಿ ಕಾಸಿರಲಿಲ್ಲ. ದೇಶದಿಂದ ಇಂಗ್ಲೆಂಡಿಗೆ ಗೋಧಿ ಹೋಗುವುದೂ ನಿಲ್ಲಲಿಲ್ಲ. ಬೆಲೆ ಏರಿದರೆ ಕಾಳು ತಾನೇ ಹರಿಯುತ್ತದೆ ಎಂಬ ತರ್ಕದಲ್ಲಿ ಹಣವಿಲ್ಲದವನಿಗೆ ಜಾಗವೇ ಇಲ್ಲ. ಅವನು ಬೆಲೆಯನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಮಾರುಕಟ್ಟೆಯ ಲೆಕ್ಕಕ್ಕೆ ಅವನು ಬರುವುದೇ ಇಲ್ಲ.

1877ರ ಮಳೆಗಾಲದ ಕೊನೆಗೆ ಲಿಟ್ಟನ್ ತಾನೇ ಮದರಾಸು, ಬೆಂಗಳೂರು, ಮೈಸೂರಿಗೆ ಬಂದ. ಮೈಸೂರಿಗೆ ಚಾರ್ಲ್ಸ್ ಎಲಿಯಟ್ ಎಂಬುವನನ್ನು ಕ್ಷಾಮ ಕಮಿಷನರನಾಗಿ ನೇಮಿಸಿದ. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣು ಕೆಲಸ ಬರ ಕಾಮಗಾರಿಯಾಯಿತು. 1882ರಲ್ಲಿ ಮೈಸೂರು ತಲುಪಿದ ಆ ರೈಲು ಇವತ್ತೂ ಓಡುತ್ತಿದೆ. ಅದರ ದಿಬ್ಬಗಳಿಗೆ ಮಣ್ಣು ಹೊತ್ತವರಲ್ಲಿ ಎಷ್ಟೋ ಜನ ರೈಲು ನೋಡಲಿಲ್ಲ.

ಕಳೆದ ಲೆಕ್ಕ

1881ರ ಫೆಬ್ರವರಿ 17ರಂದು ಇಡೀ ಭಾರತದಲ್ಲಿ ಒಟ್ಟಿಗೆ ಜನಗಣತಿ ನಡೆಯಿತು. ಅದಾದ ಐದು ವಾರಕ್ಕೆ, ಮಾರ್ಚ್ 25ರಂದು, ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಆ ಗಣತಿಯಲ್ಲಿ ಮೈಸೂರಿನ ಜನ ಸುಮಾರು 41 ಲಕ್ಷ 86 ಸಾವಿರ. 1871ರ ಮೊತ್ತದಿಂದ ಕಳೆದರೆ 8 ಲಕ್ಷ 69 ಸಾವಿರ ಜನ ಇಲ್ಲ. ನೂರಕ್ಕೆ ಹದಿನೇಳು ಮಂದಿ. ಮಧ್ಯದ ವರ್ಷಗಳಲ್ಲಿ ಹುಟ್ಟಬೇಕಿದ್ದವರನ್ನೂ ಬೆಳೆಯಬೇಕಿದ್ದ ಪ್ರಮಾಣವನ್ನೂ ಸೇರಿಸಿದರೆ ಬರದ ನಷ್ಟ ಹತ್ತು ಲಕ್ಷ ದಾಟುತ್ತದೆ ಎಂಬುದು ಅಂದಾಜು. ಇಡೀ ದಕ್ಷಿಣದಲ್ಲಿ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು ಎನ್ನುತ್ತಾರೆ. 1891ರ ಗಣತಿಯಲ್ಲೂ ಮೈಸೂರು 1871ರ ಮೊತ್ತವನ್ನು ಮುಟ್ಟಲಿಲ್ಲ. 49 ಲಕ್ಷ 43 ಸಾವಿರಕ್ಕೆ ನಿಂತಿತು. ಇಪ್ಪತ್ತು ವರ್ಷವಾದರೂ ಊರುಗಳು ತುಂಬಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. 1871ರ ಗಣತಿ ನಡೆಯದೇ ಇದ್ದಿದ್ದರೆ ಈ 8 ಲಕ್ಷ 69 ಸಾವಿರ ಎಂಬ ಸಂಖ್ಯೆಯೇ ಇರುತ್ತಿರಲಿಲ್ಲ. ಅದಕ್ಕೂ ಹಿಂದೆ ಎಷ್ಟೋ ಬರಗಳು ಬಂದಿವೆ, ಎಷ್ಟೋ ಊರುಗಳು ಬೇಚಿರಾಕ್ ಆಗಿವೆ. ‘ತುಂಬಾ ಜನ ಸತ್ತರು’ ಎಂಬುದರ ಆಚೆಗೆ ನಮಗೆ ಹೆಚ್ಚೇನೂ ಉಳಿದಿಲ್ಲ. ಧಾತು–ಈಶ್ವರ ಬರದಲ್ಲಿ ಸತ್ತವರು ಮೊತ್ತವಾಗಿಯಾದರೂ ಉಳಿದರು. ಯಾವ ಸರ್ಕಾರ ಅವರನ್ನು ಲೆಕ್ಕವಿಟ್ಟು ಕೈಬಿಟ್ಟಿತೋ ಅದರ ದಾಖಲೆಯೇ ಅದರ ಮೇಲೆ ಸಾಕ್ಷಿ ಹೇಳಿತು.

ಆ ಸಾಕ್ಷಿಯನ್ನು ಎತ್ತಿ ಹಿಡಿದವರಲ್ಲಿ ಪತ್ರಕರ್ತನೂ ಇದ್ದ. ಮದರಾಸು ಟೈಮ್ಸ್ ಪತ್ರಿಕೆಯ ಸಂಪಾದಕನಾಗಿದ್ದ ವಿಲಿಯಂ ಡಿಗ್ಬಿ ಪರಿಹಾರ ನಿಧಿಯ ಕಾರ್ಯದರ್ಶಿಯಾಗಿ ದುಡಿದು, 1878ರಲ್ಲಿ ದಕ್ಷಿಣ ಭಾರತದ ಆ ಕ್ಷಾಮದ ಬಗ್ಗೆ ಎರಡು ಸಂಪುಟಗಳ ಪುಸ್ತಕ ಬರೆದ. ಸರ್ಕಾರವೂ ರಿಚರ್ಡ್ ಸ್ಟ್ರಾಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ನೇಮಿಸಿತು. 1880ರ ಅದರ ವರದಿಯಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು: ಬರದ ಮುನ್ಸೂಚನೆ ಏನು, ಕಾಮಗಾರಿ ಯಾವಾಗ ಶುರುಮಾಡಬೇಕು, ಯಾರಿಗೆ ಪುಕ್ಕಟೆ ಊಟ. ಇಂದಿನ ಬರ ಘೋಷಣೆ, ಗೋಶಾಲೆ, ಕಾಮಗಾರಿಗಳ ನಿಯಮಗಳ ಹಿಂದೆ ಅದೇ ಸಂಹಿತೆಯ ನೆರಳಿದೆ. ಅದರಲ್ಲಿ ಕರುಣೆಯೂ ಇತ್ತು, ಜಿಪುಣತನವೂ ಇತ್ತು. ಆದರೆ ಜನರನ್ನು ಹಸಿವಿನಿಂದ ಉಳಿಸುವುದು ಸರ್ಕಾರದ ಕೆಲಸ ಎಂಬ ಮಾತು ಬರಹಕ್ಕೆ ಇಳಿಯಿತು. ಬರಹಕ್ಕಿಳಿದ ಮೇಲೆ ಅದನ್ನು ಕೇಳಬಹುದು.

ಅದೇ ಲೆಕ್ಕ, ಜನರ ಕೈಗೆ

ಗಣತಿಯ ಲೆಕ್ಕ ಸರ್ಕಾರದ ಕಪಾಟಿನಲ್ಲೇ ಉಳಿಯಲಿಲ್ಲ. 1917ರಲ್ಲಿ ಮೈಸೂರಿನಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಅದರ ವಾದದ ಬೆನ್ನೆಲುಬೇ ಗಣತಿಯ ಕೋಷ್ಟಕ. ಒಂದು ಕಡೆ ಯಾವ ಜಾತಿಯವರು ರಾಜ್ಯದಲ್ಲಿ ಎಷ್ಟು ಮಂದಿ ಎಂಬ ಅಂಕಿ. ಇನ್ನೊಂದು ಕಡೆ ಸರ್ಕಾರಿ ಹುದ್ದೆಗಳಲ್ಲಿ ಯಾರು ಎಷ್ಟು ಮಂದಿ ಎಂಬ ಅಂಕಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಭಾಷಣವೇ ಬೇಕಿರಲಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಹಾವನೂರು ಆಯೋಗದಿಂದ ಹಿಡಿದು ಈಚಿನ ಜಾತಿ ಸಮೀಕ್ಷೆಗಳವರೆಗೆ ನಮ್ಮ ರಾಜ್ಯದ ರಾಜಕೀಯ ನಡೆದಿರುವುದು ಈ ದಾರಿಯಲ್ಲೇ.

ಪಾರ್ಥ ಚಟರ್ಜಿ ಎಂಬ ಚಿಂತಕರು 2004ರ ತಮ್ಮ ಒಂದು ಪುಸ್ತಕದಲ್ಲಿ ಇದನ್ನೇ ಸಿದ್ಧಾಂತವಾಗಿ ಹೇಳಿದ್ದಾರೆ. ಸಂವಿಧಾನದ ಪುಟದಲ್ಲಿ ನಾವೆಲ್ಲ ಸಮಾನ ಪೌರರು. ಕಚೇರಿಯ ಕಿಟಕಿಯ ಮುಂದೆ ನಾವು ಬೇರೆ: ಬಿಪಿಎಲ್, ಪ್ರವರ್ಗ–1, ಸಂಧ್ಯಾ ಸುರಕ್ಷಾ ಫಲಾನುಭವಿ, ಬಗರ್‌ಹುಕುಂ ಅರ್ಜಿದಾರ. ಈ ಗುಂಪುಗಳನ್ನು ಮಾಡಿದ್ದು ಸರ್ಕಾರ, ತನ್ನ ಆಡಳಿತದ ಅನುಕೂಲಕ್ಕೆ. ಆದರೆ ಬಡವರು ಆ ಗುಂಪಿನ ಹೆಸರನ್ನೇ ಹಿಡಿದು ಸಂಘ ಕಟ್ಟುತ್ತಾರೆ, ತಾಲ್ಲೂಕು ಕಚೇರಿ ಮುಂದೆ ಕೂರುತ್ತಾರೆ, ‘ನಮ್ಮನ್ನು ಎಣಿಸಿದ್ದೀರಿ, ಈಗ ಕೊಡಿ’ ಎನ್ನುತ್ತಾರೆ. ಭಾರತದಂಥ ದೇಶಗಳಲ್ಲಿ ಬಹುಪಾಲು ಜನರ ರಾಜಕೀಯ ನಡೆಯುವುದು ಹೀಗೆ ಎಂಬುದು ಅವರ ವಾದ. ಜಿಲ್ಲಾ ಸುದ್ದಿ ಬರೆಯುವ ನಮಗೆ ಇದನ್ನು ಪುಸ್ತಕದಿಂದ ಕಲಿಯುವ ಅಗತ್ಯವೇ ಬೀಳುವುದಿಲ್ಲ. ವಾರಕ್ಕೆರಡು ಮನವಿ ಪತ್ರದ ಫೋಟೊ ಕಳಿಸುತ್ತೇವೆ.

ಹಾಗೆಂದು ಲೆಕ್ಕದ ಹಳೆಯ ಮುಖ ಹೋಯಿತು ಎನ್ನುವಂತಿಲ್ಲ. ಮೈಸೂರು ಸರ್ಕಾರ 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಕೊಟ್ಟಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಜಗತ್ತಿಗೇ ಮೊದಲನೆಯವು ಎಂದು ಅವನ್ನು ಗುರುತಿಸುತ್ತಾರೆ. ಬೇಕೆಂದು ಬಂದ ತಾಯಂದಿರಿಗೆ ಅದು ನೆರವು. ಅದೇ ಜನಸಂಖ್ಯೆಯ ಮಾತು ತುರ್ತು ಪರಿಸ್ಥಿತಿಯಲ್ಲಿ ಗುರಿ ಆಯಿತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಗುರಿ ತಲುಪಬೇಕಾದ ನೌಕರನ ಕಣ್ಣಿಗೆ ಎದುರಿನ ಮನುಷ್ಯ ಮತ್ತೆ ಒಂದು ತಲೆ.

ಈಗಿನ ಪ್ರಶ್ನೆ

ಈಗ ನಮ್ಮ ಮುಂದಿರುವುದು 2027ರ ಜನಗಣತಿ. ಅದರ ಲೆಕ್ಕಕ್ಕೆ 2027ರ ಮಾರ್ಚ್ 1ನ್ನು ಗೊತ್ತು ಮಾಡಲಾಗಿದೆ. 1931ರ ನಂತರ ಮೊದಲ ಬಾರಿಗೆ ಎಲ್ಲ ಜಾತಿಗಳ ಎಣಿಕೆಯೂ ಅದರಲ್ಲಿ ಸೇರಿದೆ. ಇದನ್ನು ಬರೀ ಅಂಕಿ ಅಂಶದ ಕೆಲಸ ಎಂದುಕೊಂಡವರು ಎರಡು ಸಂಗತಿ ನೋಡಬೇಕು.

ಮೊದಲನೆಯದು ಸಂಸತ್ತಿನ ಸ್ಥಾನಗಳು. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎಂಬುದನ್ನು 1976ರ ತಿದ್ದುಪಡಿ 1971ರ ಗಣತಿಗೆ ಕಟ್ಟಿಹಾಕಿತು. ಜನಸಂಖ್ಯೆ ನಿಯಂತ್ರಿಸಿದ ರಾಜ್ಯಗಳಿಗೆ ಅನ್ಯಾಯ ಆಗಬಾರದು ಎಂಬುದು ಕಾರಣ. ಮುಂದೆ 2001ರ ತಿದ್ದುಪಡಿ ಆ ಗಂಟನ್ನು 2026ರ ನಂತರದ ಮೊದಲ ಗಣತಿಯ ತನಕ ಮುಂದೂಡಿತು. ರೂಸೋ ಮತ್ತು ಮಾಲ್ಥಸ್ ನಡುವಿನ ಹಳೆಯ ಜಗಳ ಈಗ ದಕ್ಷಿಣ ಮತ್ತು ಉತ್ತರದ ಜಗಳವಾಗಿ ಬಂದಿದೆ: ಜನ ಹೆಚ್ಚಿದ್ದರೆ ಬಲವೋ, ಕಡಿಮೆ ಇದ್ದರೆ ಬಹುಮಾನವೋ?

ಎರಡನೆಯದು ಪಡಿತರ. 2013ರ ಆಹಾರ ಭದ್ರತಾ ಕಾಯ್ದೆ ಗ್ರಾಮೀಣ ಭಾಗದ ನೂರಕ್ಕೆ 75, ನಗರದ ನೂರಕ್ಕೆ 50ರಷ್ಟು ಜನರವರೆಗೆ ಅಗ್ಗದ ಧಾನ್ಯ ಕೊಡುವ ಮಿತಿ ಹಾಕಿದೆ. ಆ ಶೇಕಡಾವಾರನ್ನು ತಲೆಗಳಾಗಿ ಬದಲಿಸಿದ್ದು 2011ರ ಗಣತಿಯ ಮೇಲೆ. ಗಣತಿ ತಡವಾದಷ್ಟೂ ಊರು ಬೆಳೆಯಿತು, ಕೋಟಾ ಬೆಳೆಯಲಿಲ್ಲ. ಹೊಸದಾಗಿ ಬೇರೆಯಾದ ಮನೆಯವರು ಕಾರ್ಡಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದರ ಹಿಂದೆ ಸ್ಥಳೀಯ ನೌಕರರ ಉದಾಸೀನ ಒಂದೇ ಅಲ್ಲ, ಈ ಹಳೆಯ ಅಂಕಿಯೂ ಇದೆ. ಎಣಿಸಿದರೆ ತೆರಿಗೆ ಬೀಳುತ್ತದೆ ಎಂದು 1871ರ ಜನ ಹೆದರಿದರು. ಎಣಿಸದಿದ್ದರೆ ಅಕ್ಕಿ ಸಿಗದು ಎಂದು ಇಂದಿನ ಜನ ಹೆದರುತ್ತಾರೆ. ಒಂದೂವರೆ ಶತಮಾನದಲ್ಲಿ ಆಗಿರುವ ಬದಲಾವಣೆ ಇಷ್ಟು ಮಾತಿನಲ್ಲಿ ಹೇಳಿ ಮುಗಿಯುತ್ತದೆ.

ಇದರಲ್ಲಿ ನಮ್ಮ ಕಸುಬಿನ ಪಾಲೂ ಇದೆ. ಯಾವುದೇ ದುರಂತದ ಸುದ್ದಿ ಕಳಿಸಿ, ಡೆಸ್ಕಿನಿಂದ ಬರುವ ಮೊದಲ ಪ್ರಶ್ನೆ ‘ಎಷ್ಟು ಜನ?’ ಎಂಬುದೇ. ರೈತರ ಆತ್ಮಹತ್ಯೆಗಳ ಪಟ್ಟಿ ಕೇಳಿದರೆ ಕಚೇರಿಯಿಂದ ಸಿಗುವುದು ಮೂರು ಕಾಲಂ: ಒಟ್ಟು ಪ್ರಕರಣ, ಅರ್ಹ, ತಿರಸ್ಕೃತ. ನಾವು ಅದನ್ನೇ ಹಾಗೇ ಬರೆದುಬಿಡುತ್ತೇವೆ. ಮನೆಯಿಂದ ದೂರದ ಕಾಮಗಾರಿಗೆ ನಡೆದುಬಂದವನೇ ‘ನಿಜವಾದ ಹಸಿದವ’ ಎಂದ 1877ರ ಪರೀಕ್ಷೆಗೂ, ಪಹಣಿಯಲ್ಲಿ ಹೆಸರು, ಬ್ಯಾಂಕಿನಲ್ಲಿ ಸಾಲ ಇದ್ದವನೇ ‘ಅರ್ಹ’ ಎನ್ನುವ ಇಂದಿನ ಪರಿಶೀಲನೆಗೂ ನಡುವೆ ದೂರ ಬಹಳ ಇಲ್ಲ. ಗುತ್ತಿಗೆಗೆ ಉತ್ತವನ ಸಾವು, ಖಾಸಗಿ ಬಡ್ಡಿಗೆ ಸಾಲ ತಂದವನ ಸಾವು, ಹೆಂಗಸಿನ ಸಾವು ಯಾವ ಕಾಲಂಗೆ ಹೋಯಿತು ಎಂದು ಕೇಳುವುದು ವರದಿಗಾರರ ಕೆಲಸ.

ಹಾಗಾಗಿ ಯಾವುದೇ ಸಂಖ್ಯೆ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಬಹುದು. ಎಣಿಸಿದವರು ಯಾರು? ಲೆಕ್ಕ ಖಜಾನೆಯಿಂದ ಶುರುವಾಯಿತೋ, ದೇಹದಿಂದ ಶುರುವಾಯಿತೋ? ಹೊರಗುಳಿದವರು ಯಾರು? ಕಾರ್ನಿಷ್ ಒಬ್ಬ ಸರ್ಕಾರಿ ನೌಕರನಾಗಿದ್ದುಕೊಂಡೇ ಈ ಪ್ರಶ್ನೆಗಳನ್ನು ಕೇಳಿದ. ಪೂರ್ತಿ ಗೆಲ್ಲಲಿಲ್ಲ, ಆದರೆ ನಾಲ್ಕು ತಿಂಗಳ ಜಗಳದಿಂದ ಕೂಲಿಯಾಳಿನ ಊಟ ಒಂದಿಷ್ಟು ಹೆಚ್ಚಾಯಿತು. ಆ ಒಂದಿಷ್ಟರಲ್ಲಿ ಎಷ್ಟು ಜನ ಉಳಿದರು ಎಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಬರ ದಾಟಿದ ಬಯಲುಸೀಮೆಯ ಊರುಗಳಲ್ಲಿ ಅವರ ಮೊಮ್ಮಕ್ಕಳ ಮಕ್ಕಳು ಇವತ್ತು ನಮ್ಮ ನಡುವೆ ಇದ್ದಾರೆ. ಗಣತಿಯವರು ಬಂದು ಬಾಗಿಲು ತಟ್ಟುವುದು ಅವರದೇ ಮನೆಗಳದು.